ಹಳೆಯ ಮನೆಗೆ ಹೊಸ ತಂತಿ

ರಾಯಚೂರು ಜಿಲ್ಲೆಯ ಕಲ್ಲೂರಿನಂತಹ ಊರುಗಳ ಕಡೆ ಕಲ್ಲು ಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ ಜಂತಿಗಳನ್ನು ಹಾಸಿ, ಅವುಗಳ ಮೇಲೆ ಮಣ್ಣು ಹೊದಿಸಿ ಕಟ್ಟಿದ ಮಾಳಿಗೆ ಮನೆಗಳು ಇಂದಿಗೂ ಉಂಟು. ಇವುಗಳನ್ನು ಕಟ್ಟಿದ ಹಿರಿಯರು ಬಿಸಿಲನ್ನು ಬಲ್ಲವರು, ಮಳೆಯನ್ನು ಬಲ್ಲವರು. ಆದರೆ ವಿದ್ಯುತ್ತನ್ನು ಕಂಡವರಲ್ಲ. ಚಿಮಣಿ ದೀಪಕ್ಕೊಂದು ಗೂಡು, ಕಂದೀಲಿಗೊಂದು ಗೂಟ, ಇಷ್ಟೇ ಅವರು ಬೆಳಕಿಗಾಗಿ ಮಾಡಿದ ಏರ್ಪಾಟು. ವಿದ್ಯುತ್ತು ಈ ಮನೆಗಳಿಗೆ ತಡವಾಗಿ ಬಂದ ಅತಿಥಿ.

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯ ಹಳ್ಳಿಗಳು ಬಹುಕಾಲ ಕಾಯಬೇಕಾಯಿತು. 1970ರ ದಶಕದ ಕೊನೆಯಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆಯು ಬಡವರ ಮನೆಗೆ ಕೊಟ್ಟದ್ದು ಒಂದು ದೀಪವನ್ನು. 1985ರಲ್ಲಿ ಕೃಷ್ಣಾ ತೀರದ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಕೆಲಸಕ್ಕೆ ತೊಡಗಿದಾಗಲೂ ಎಷ್ಟೋ ಮನೆಗಳಲ್ಲಿ ಒಂದೆರಡು ಬಲ್ಬುಗಳಿಗಿಂತ ಹೆಚ್ಚಿನದೇನೂ ಇರಲಿಲ್ಲ. ಅಂದಿನ ಅಗತ್ಯಕ್ಕೆ ತಕ್ಕಂತೆ ಮರದ ಪಟ್ಟಿಯ ಮೇಲೆ ತೆಳುವಾದ ತಂತಿಗಳನ್ನು ಎಳೆದು, ಬಾಗಿಲ ಬಳಿ ಪಿಂಗಾಣಿಯ ಫ್ಯೂಸನ್ನು ಕೂರಿಸಿದರು. ಅದು ತಪ್ಪಾಗಿರಲಿಲ್ಲ.

ಮನೆ ಹಾಗೆಯೇ ಉಳಿಯಿತು. ಮನೆಯೊಳಗಿನ ಬದುಕು ಬದಲಾಯಿತು. 230 ವೋಲ್ಟಿನಲ್ಲಿ ಉರಿಯುವ 40 ವಾಟಿನ ಬಲ್ಬಿಗೆ ಬೇಕಾಗುವ ಪ್ರವಾಹ ಒಂದು ಆಂಪೇರಿನ ಆರನೆಯ ಒಂದು ಪಾಲಿನಷ್ಟು. ನೀರು ಕಾಯಿಸುವ 2000 ವಾಟಿನ ಗೀಸರು ಸುಮಾರು 9 ಆಂಪೇರನ್ನು ಎಳೆಯುತ್ತದೆ; ಎಂದರೆ ಐವತ್ತು ಬಲ್ಬುಗಳ ಹೊರೆ. ಪ್ರವಾಹ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಹಳೆಯ ತಂತಿಯ ರಬ್ಬರು ಹೊದಿಕೆ ಬೇಸಿಗೆಯ ಕಾವಿಗೆ ಒಣಗಿ ಬಿರಿದಿರುತ್ತದೆ. ಇಲಿಗಳು ಅಲ್ಲಲ್ಲಿ ಕಡಿದಿರುತ್ತವೆ. ಅದರ ಮಗ್ಗುಲಲ್ಲಿಯೇ ದಶಕಗಳಿಂದ ಒಣಗಿದ ಜಂತಿಯ ಮರ. ಕಿಡಿಯೊಂದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇಕೆ?

ಇದನ್ನು ತಡೆಯಲೆಂದೇ ಫ್ಯೂಸು ಇರುವುದು. ಅದು ಫ್ಯಾನನ್ನೋ ಟಿ.ವಿ.ಯನ್ನೋ ಕಾಯುತ್ತದೆಂದು ಹಲವರು ಭಾವಿಸುತ್ತಾರೆ. ಅದು ಮುಖ್ಯವಾಗಿ ಕಾಯುವುದು ಗೋಡೆಯ ಮೇಲಿನ ತಂತಿಯನ್ನು. ತಂತಿ ಸುಡುವ ಮೊದಲೇ ತಾನು ಸುಟ್ಟುಹೋಗುವುದು ಅದರ ಕೆಲಸ. ಪದೇ ಪದೇ ಸುಡುತ್ತದೆಂದು ಬೇಸತ್ತು ಅಲ್ಲಿ ದಪ್ಪ ತಾಮ್ರದ ಎಳೆಯನ್ನು ಸುತ್ತಿದರೆ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಹಳೆಯ ತಂತಿಗಳನ್ನು ಹಾಗೆಯೇ ಬಿಟ್ಟು, ಫ್ಯೂಸಿನ ಜಾಗದಲ್ಲಿ 32 ಆಂಪೇರಿನ ಹೊಸ ಎಂ.ಸಿ.ಬಿ. ಕೂರಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ. ಪೆಟ್ಟಿಗೆ ಹೊಸದಾಗಿ ಹೊಳೆಯುತ್ತದೆ, ಅಪಾಯ ಹಳೆಯದೇ. ಆದುದರಿಂದ ಮೊದಲು ಬದಲಾಗಬೇಕಾದುದು ತಂತಿ, ಎಂ.ಸಿ.ಬಿ.ಯನ್ನು ಆ ತಂತಿಯ ಶಕ್ತಿಗೆ ತಕ್ಕಂತೆ ಆರಿಸಬೇಕು. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಹೆಚ್ಚು ಪ್ರವಾಹ ಬೇಡುವ ಪ್ಲಗ್ಗುಗಳಿಗೆ 2.5, ಗೀಸರು, ಏರ್ ಕಂಡೀಷನರುಗಳಿಗೆ ಪ್ರತ್ಯೇಕವಾಗಿ 4, ಹೀಗೆ ಬೇರೆ ಬೇರೆ ಸಾಲುಗಳನ್ನು ಎಳೆಯುವುದು ವಾಡಿಕೆ. ಮಣ್ಣಿನ ಗೋಡೆಯನ್ನು ಕೊರೆದು ತಂತಿ ಹುದುಗಿಸುವುದಕ್ಕಿಂತ ಗೋಡೆಯ ಮೇಲೆಯೇ ಪಿ.ವಿ.ಸಿ. ಕೊಳವೆಯಲ್ಲಿ ಒಯ್ಯುವುದು ಲೇಸು. ನೋಟಕ್ಕೆ ಅಷ್ಟು ಚೆನ್ನಲ್ಲ, ನಿಜ. ಆದರೆ ಗೋಡೆ ಸಡಿಲವಾಗುವುದಿಲ್ಲ, ಮಾಳಿಗೆ ಸೋರಿದರೂ ನೀರು ನೇರವಾಗಿ ತಂತಿಗೆ ತಾಕುವುದಿಲ್ಲ.

ಬೆಂಕಿಗಿಂತ ಸದ್ದಿಲ್ಲದೆ ಬರುವ ಅಪಾಯ ಇನ್ನೊಂದಿದೆ. ಬೇಸಿಗೆಯಲ್ಲಿ ತಾಪ 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ತಗಡಿನ ಮೈಯ ಕೂಲರು ಮನೆಮನೆಗೂ ಬಂದಿದೆ. ಅದರೊಳಗೆ ನೀರು, ಹೊರಗೆ ಲೋಹ, ಕೆಳಗೆ ಒದ್ದೆ ನೆಲ. ಒಳಗಿನ ಫೇಸ್ ತಂತಿಯ ಹೊದಿಕೆ ಸವೆದು ತಗಡಿಗೆ ತಾಗಿತೆನ್ನಿ. ಕೂಲರು ಎಂದಿನಂತೆ ತಿರುಗುತ್ತಲೇ ಇರುತ್ತದೆ. ಬರಿಗಾಲಿನಲ್ಲಿ ಬಂದು ನೀರು ಹಾಕುವ ಮಗುವಿನ ಮೈಯೇ ವಿದ್ಯುತ್ತಿಗೆ ನೆಲ ಸೇರುವ ದಾರಿಯಾಗುತ್ತದೆ. ಕೂಲರಿಗೆ ಮೂರು ಕಡ್ಡಿಯ ಪ್ಲಗ್ಗೂ ಸರಿಯಾದ ಅರ್ಥಿಂಗೂ ಇದ್ದರೆ ಪ್ರವಾಹ ಆ ಸುಲಭದ ದಾರಿಯನ್ನು ಹಿಡಿಯುತ್ತದೆ, ಎಂ.ಸಿ.ಬಿ. ಬೀಳುತ್ತದೆ. ಇದರ ಜೊತೆಗೆ 30 ಮಿಲಿಆಂಪೇರಿನ ಆರ್.ಸಿ.ಸಿ.ಬಿ. ಬೇಕು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿವೆಯೇ ಎಂದು ಅದು ಸದಾ ಅಳೆಯುತ್ತಿರುತ್ತದೆ. ಅಷ್ಟು ಅಲ್ಪ ಪ್ರಮಾಣ ಬೇರೆ ದಾರಿಯಲ್ಲಿ ಸೋರಿದರೂ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಹಳೆಯ ತಂತಿಗಳಿರುವ ಮನೆಗಳಲ್ಲಿ ಇದು ಮೇಲಿಂದ ಮೇಲೆ ಬೀಳುವುದುಂಟು. ಆಗ ಉಪಕರಣವೇ ಕೆಟ್ಟಿದೆಯೆಂದು ಅದನ್ನು ಕಿತ್ತುಹಾಕುವವರೂ ಇದ್ದಾರೆ. ಎಲ್ಲಿಯೋ ಸೋರಿಕೆಯಿದೆ ಎಂದು ಅದು ಹೇಳುತ್ತಿರುತ್ತದೆ, ಕೇಳುವವರು ಬೇಕು. ಆದರೂ ಇದು ಸರ್ವರಕ್ಷಕವಲ್ಲ. ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಹಿಡಿದವನನ್ನು ಇದು ಉಳಿಸಲಾರದು.

ಹಳೆಯ ಕೆಲಸಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಬದಲಾಗಿ ನ್ಯೂಟ್ರಲ್ ತಂತಿಯಲ್ಲಿ ಜೋಡಿಸಿರುವುದೂ ಕಂಡುಬರುತ್ತದೆ. ಸ್ವಿಚ್ಚು ಆರಿಸಿದರೆ ದೀಪ ಆರುತ್ತದೆ, ಹೋಲ್ಡರಿನಲ್ಲಿ ಮಾತ್ರ ವಿದ್ಯುತ್ತು ಉಳಿದೇ ಇರುತ್ತದೆ. ಬಲ್ಬು ಬದಲಿಸಲು ಕೈಯಿಟ್ಟವನಿಗೆ ಇದು ತಿಳಿಯುವ ಬಗೆಯೇ ಇಲ್ಲ.

ಇಂತಹ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೇನ್ ಸ್ವಿಚ್ಚನ್ನು ಆರಿಸಿದರೂ ಮೀಟರಿನವರೆಗಿನ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಅಲ್ಲಿಗೆ ಕೈಹಾಕುವ ಅಧಿಕಾರ ಜೆಸ್ಕಾಂನವರದು. ಮಂಜೂರಾದ ಹೊರೆಯನ್ನು ಹೆಚ್ಚಿಸಬೇಕಾದರೆ ಅವರಿಗೇ ಅರ್ಜಿ ಸಲ್ಲಿಸಬೇಕು. ಕೆಲಸ ಮುಗಿದ ಮೇಲೆ 500 ವೋಲ್ಟಿನ ಮೆಗ್ಗರಿನಿಂದ ತಂತಿಗಳ ಹೊದಿಕೆಯನ್ನು ಪರೀಕ್ಷಿಸುತ್ತಾರೆ. ರೋಧ ಒಂದು ಮೆಗೋಮಿಗಿಂತ ಕಡಿಮೆಯಾದರೆ ದೋಷವಿದೆಯೆಂದೇ ಅರ್ಥ.

ಇನ್ನು ಅರ್ಥಿಂಗಿನ ಗುಂಡಿ. ರಾಯಚೂರು ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಚೈತ್ರ ವೈಶಾಖಗಳಲ್ಲಿ ಅದೇ ಮಣ್ಣು ಒಣಗಿ, ಬೆರಳು ತೂರುವಷ್ಟು ಬಿರುಕು ಬಿಟ್ಟು, ಕೊಳವೆಯಿಂದ ದೂರ ಸರಿಯುತ್ತದೆ. ಕೂಲರು ಹಗಲಿರುಳು ತಿರುಗುವ ದಿನಗಳೂ ಅವೇ. ಆ ತಿಂಗಳುಗಳಲ್ಲಿ ಕೂಲರಿಗೆ ಹಾಕುವ ನೀರಿನಲ್ಲಿ ಒಂದೆರಡು ಕೊಡವನ್ನು ಆಗಾಗ ಆ ಗುಂಡಿಗೂ ಹಾಕಬೇಕಾಗುತ್ತದೆ.