ಸರ್ಕಾರಿ ನೌಕರರಿಗೆ ಅಡ್ಡಿ, ಬೆದರಿಕೆ: ಖುಲಾಸೆಯ ವಿರುದ್ಧ ಮೇಲ್ಮನವಿ

ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 221ರ ಮೇರೆಗೂ, ಹಾನಿಯ ಬೆದರಿಕೆ ಒಡ್ಡುವುದು ಕಲಂ 224ರ ಮೇರೆಗೂ, ಕರ್ತವ್ಯ ತಡೆಯಲು ಹಲ್ಲೆ ನಡೆಸುವುದು ಕಲಂ 132ರ ಮೇರೆಗೂ ಅಪರಾಧವಾಗಿರುತ್ತದೆ. ದಿನಾಂಕ 1-7-2024ಕ್ಕಿಂತ ಹಿಂದಿನ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆ ಅನ್ವಯಿಸುತ್ತದೆ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯವು ಆರೋಪಿಯನ್ನು ಖುಲಾಸೆಗೊಳಿಸಿದಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 419ರಂತೆ ಸರ್ಕಾರಿ ಅಭಿಯೋಜಕರು ಮೇಲ್ಮನವಿ ಸಲ್ಲಿಸಬಹುದು. ಸಂಜ್ಞೇಯವೂ ಜಾಮೀನುರಹಿತವೂ ಆದ ಕಲಂ 132ರ ಪ್ರಕರಣದಲ್ಲಿ ಜಿಲ್ಲಾ ದಂಡಾಧಿಕಾರಿಗಳ ನಿರ್ದೇಶನದಂತೆ ಸೆಷನ್ಸ್ ನ್ಯಾಯಾಲಯಕ್ಕೆ. ಜಾಮೀನಿಗೆ ಅರ್ಹವಾದ ಕಲಂ 221 ಮತ್ತು 224ರ ಪ್ರಕರಣಗಳಲ್ಲಿ ರಾಜ್ಯ ಸರ್ಕಾರದ ನಿರ್ದೇಶನದಂತೆ ಉಚ್ಚ ನ್ಯಾಯಾಲಯಕ್ಕೆ, ಅದರ ಅನುಮತಿಯೊಡನೆ. ಕಾಲಮಿತಿ 90 ದಿನಗಳು.

ಆರೋಪಿ ನಿರಪರಾಧಿ ಎಂಬ ಗ್ರಹಿಕೆ ಖುಲಾಸೆಯಿಂದ ಬಲಗೊಳ್ಳುತ್ತದೆ. ಸಾಕ್ಷ್ಯದಿಂದ ಇನ್ನೊಂದು ಅಭಿಪ್ರಾಯವೂ ಸಾಧ್ಯವೆಂಬ ಮಾತ್ರಕ್ಕೆ ತೀರ್ಪು ಬದಲಾಗದು. ಆದರೂ ನೋಟಿಸು ತಲುಪಿದವರು ನಿರ್ಲಕ್ಷಿಸದೆ ವಕೀಲರ ಮೂಲಕ ಹಾಜರಾಗತಕ್ಕದ್ದು. ಅರ್ಹರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.