ಬಾಡಿಗೆ ಮನೆ: ಮುಂಗಡ ಮತ್ತು ಭೋಗ್ಯ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಸಾಮಾನ್ಯ ಸಂಸಾರಸ್ಥರಿಗೆ ಬಾಡಿಗೆ ಮನೆ ದೊರಕುವುದು ವರ್ಷದಿಂದ ವರ್ಷಕ್ಕೆ ದುಸ್ತರವಾಗುತ್ತಿದೆ. ಹಿಂದೆ ಇಂಥವರಿಗೆ ಆಶ್ರಯವಾಗಿದ್ದುದು ವಠಾರ. ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ಎರಡೆರಡು ಕೋಣೆಯ ಮನೆಗಳು. ನೀರಿನ ಜಗಳವೂ ಇತ್ತು, ಆಪತ್ತಿಗೆ ಒದಗುವ ನೆರೆಯೂ ಇತ್ತು. ನಾಗವಾರದ ಬಳಿ ಮಾನ್ಯತಾ ಟೆಕ್ ಪಾರ್ಕ್ ಬೆಳೆದು, 2008ರಲ್ಲಿ ದೇವನಹಳ್ಳಿಯ ಸಮೀಪ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ನಿವೇಶನಗಳ ಬೆಲೆ ಏರಿತು. ವಠಾರ ಕೆಡವಿ ಮಹಡಿ ಎಬ್ಬಿಸಿದರೆ ಹೆಚ್ಚು ಆದಾಯವೆಂದು ಮಾಲೀಕರು ಕಂಡುಕೊಂಡರು. ಅದಕ್ಕಾಗಿ ಅವರನ್ನು ದೂರಲಾಗದು.

ಬಾಡಿಗೆಗಿಂತಲೂ ಬಡವರನ್ನು ಬಾಗಿಲಲ್ಲೇ ತಡೆಯುವುದು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಇಡಿಸಿಕೊಳ್ಳುವುದು ಬೆಂಗಳೂರಿನ ಹಳೆಯ ರೂಢಿ, ಕಾನೂನು ವಿಧಿಸಿದ್ದಲ್ಲ. 12,000 ರೂಪಾಯಿ ಬಾಡಿಗೆಯ ಮನೆಗೆ 1,20,000 ರೂಪಾಯಿ! ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿದ ಠೇವಣಿ ಕೂಡದೆಂದು ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆ ಹೇಳಿತು. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಶಾಸನವಾಗಿ ಒಪ್ಪಿದಾಗಲೇ ಅದಕ್ಕೆ ಬಲ. ನಮ್ಮ ವಾಚಕರಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರೂ ಉಂಟು. ಅವರು ಎರಡು ಮೂರು ತಿಂಗಳ ಮುಂಗಡ ಸಾಕೆಂದರೆ ಕಳೆದುಕೊಳ್ಳುವುದು ಆ ಹಣದ ಬಡ್ಡಿಯನ್ನಷ್ಟೆ. ಬಂದವರಿಗೆ ಕೈಸಾಲ ತಪ್ಪುತ್ತದೆ.

ತಿಂಗಳ ಬಾಡಿಗೆಗೆ ಅಂಜಿದ ಅನೇಕರು ಭೋಗ್ಯಕ್ಕೆ ಮನೆ ಹಿಡಿಯುತ್ತಾರೆ. ಹಲವು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಹೊರಡುವಾಗ ಮೊತ್ತವನ್ನು ಮರಳಿ ಪಡೆಯುವ ಏರ್ಪಾಡು ಇದು. ಮಗಳ ಮದುವೆಗೆಂದು ಕೂಡಿಟ್ಟದ್ದು, ಊರಿನ ಹೊಲ ಮಾರಿ ಬಂದದ್ದು ಇಲ್ಲಿ ಸೇರುತ್ತದೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ? ಮಾಲೀಕ ಸಾಲ ತೀರಿಸದಿದ್ದಾಗ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಲ್ಲದು. ಆಗ ಭೋಗ್ಯದಾರನ ಹಣ ಮಾಲೀಕನ ಬಾಯಿಮಾತಿನಲ್ಲೇ ಉಳಿಯುತ್ತದೆ.

ಆದುದರಿಂದ ಹಣ ಎಣಿಸುವ ಮೊದಲೇ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸಬೇಕು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಖರ್ಚುಳಿಸಲೆಂದು ಬರಿಯ ಛಾಪಾ ಕಾಗದದಲ್ಲಿ ಮುಗಿಸಬಾರದು. ಕ್ರಯಪತ್ರದ ಜೆರಾಕ್ಸ್ ಪ್ರತಿ ಮಾತ್ರ ತೋರಿಸಿದರೆ, ಮೂಲಪತ್ರ ಎಲ್ಲಿದೆಯೆಂದು ಸಂಕೋಚಪಡದೆ ಕೇಳಬೇಕು. ಹಲವು ಸಂದರ್ಭಗಳಲ್ಲಿ ಅದು ಬ್ಯಾಂಕಿನ ತಿಜೋರಿಯಲ್ಲಿರುತ್ತದೆ.