ಕೇಳದಿದ್ದರೂ ಹೇಳಬೇಕಾದ ಸತ್ಯ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ನಿರೂಪಿಸಿದ್ದಾರೆ. ಕೊನೆಯದು ಪ್ರತಿರೂಪಕ ವ್ಯವಹಾರ. ಅಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು.

ಇದು ತುಪ್ಪ, ಬಂಗಾರಗಳ ವ್ಯಾಪಾರಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದಲ್ಲಿ ತಯಾರಾದ ಫೆಂಡರ್ ಗಿಟಾರ್ ಆಂಪ್ಲಿಫೈಯರ್‌ಗಳನ್ನೇ ನೋಡಿ. ನಿರ್ವಾತ ಕೊಳವೆಗಳಿಂದ ನಾದವನ್ನು ವರ್ಧಿಸುವ ಈ ಪೆಟ್ಟಿಗೆಗಳನ್ನು ಸಂಗ್ರಾಹಕರು ಹೆಚ್ಚಿನ ಬೆಲೆಗೆ ಕೊಳ್ಳುತ್ತಾರೆ. 1965ರಲ್ಲಿ ಸಂಸ್ಥೆಯು ಸಿಬಿಎಸ್ ವಶವಾಗುವುದಕ್ಕೆ ಮೊದಲಿನವುಗಳಿಗೆ ಬೇಡಿಕೆ ಇನ್ನೂ ಅಧಿಕ. ಸ್ಪೀಕರ್, ಟ್ರಾನ್ಸ್‌ಫಾರ್ಮರ್‌ಗಳು ಮೂಲದವೇ ಎಂಬುದರ ಮೇಲೆಯೂ ಬೆಲೆ ನಿಂತಿರುತ್ತದೆ. ಬದಲಾದ ಭಾಗವನ್ನು ಮೂಲದ್ದೆಂದು ನಂಬಲು ಬಿಟ್ಟರೆ ಅದೇ ಪ್ರತಿರೂಪಕ ವ್ಯವಹಾರ.

ಹಳತಾದ ಕೆಪಾಸಿಟರನ್ನು ಬದಲಿಸುವುದು ದೋಷವಲ್ಲ. ಅದನ್ನು ಮರೆಮಾಚುವುದು ದೋಷ. ವಿದ್ಯುತ್ ಸಂಪರ್ಕ ತೆಗೆದ ಬಳಿಕವೂ ಈ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅರಿಯದೆ ಒಳಗೆ ಕೈಯಿಟ್ಟವನ ಪ್ರಾಣಕ್ಕೇ ಅಪಾಯ. ತಿಳಿದೂ ಎಚ್ಚರಿಸದ ಪ್ರಮಾದವು ಹಿಂಸೆಗೆ ದಾರಿಯಾಗುತ್ತದೆ.

ಆದ್ದರಿಂದ ಶ್ರಾವಕನಾದವನು ಬೆಲೆ ಹೇಳುವ ಮೊದಲೇ ಬದಲಿಸಿದ ಭಾಗಗಳ ಪಟ್ಟಿಯನ್ನು ಕೊಳ್ಳುವವನ ಕೈಗೆ ಕೊಡಬೇಕು. ಕೇಳಿದಾಗ ಹೇಳುವುದಷ್ಟೇ ಸಾಲದು. ಏನು ಕೇಳಬೇಕೆಂದು ತಿಳಿಯದವನಿಗೂ ಹೇಳುವುದು ಅಚೌರ್ಯ.